ಹುಣಸೆಕಟ್ಟೆಯ ಹಕಾರ

ಜುಲೈ 8, 1957, ಸೋಮವಾರ

ಇವತ್ತಿನಿಂದ ನಾನು ಹುಣಸೆಕಟ್ಟೆ ಪ್ರೈಮರಿ ಶಾಲೆಯ ಸಂಗೀತದ ಶಿಕ್ಷಕಿ. ಮೈಸೂರಿನಲ್ಲಿ ಗುರುಗಳ ಮನೆಯ ಕಸ ಗುಡಿಸಿ, ಅವರ ಕೈಯಲ್ಲಿ ಬೈಸಿಕೊಂಡು, ವಿದ್ವತ್ ಪರೀಕ್ಷೆ ಪಾಸು ಮಾಡಿದ್ದು ಇದಕ್ಕಾಗಿ ಎಂದು ಈಗ ತಿಳಿಯಿತು. ರಾಜಾಜಿನಗರದ ಅಣ್ಣನ ಮನೆಯಿಂದ ಮಾಗಡಿ ರಸ್ತೆಗೆ ಬಂದು ಬಸ್ಸು ಹಿಡಿದು, ಸುಂಕದಕಟ್ಟೆಯಲ್ಲಿಳಿದು, ಹೆಗ್ಗನಹಳ್ಳಿ ದಾಟಿ, ರಾಗಿ ಹೊಲಗಳ ಬದುವಿನ ಮೇಲೆ ನಡೆದರೆ ಈ ಊರು. ಸೀರೆಯ ಅಂಚೆಲ್ಲ ಕೆಸರು. ಹಳ್ಳಿ ಶಾಲೆಗಳಲ್ಲೂ ಸಂಗೀತ ಕಲಿಸಿ ನೋಡೋಣ ಎಂಬ ಉಮೇದು ಈ ವರ್ಷ ಮೇಲಿನವರಿಗೆ ಬಂದಿದೆಯಂತೆ. ಉಮೇದು ಅವರದು, ಕೆಸರು ನನ್ನದು.

ಹೆಡ್ಮಾಸ್ಟರು ಅಂಜಿನಯ್ಯ ಎಂಬ ಸಾಧು ಮನುಷ್ಯ. ಕುರ್ಚಿಯ ಧೂಳನ್ನು ತಮ್ಮ ಉತ್ತರೀಯದಲ್ಲೇ ಒರೆಸಿ ಕೂರಿಸಿದರು. "ನಮ್ಮ ಮಕ್ಕಳಿಗೆ ಗಂಟಲಿಗೇನೂ ಬರ ಇಲ್ಲ ಕಲ್ಯಾಣಮ್ಮನೋರೆ. ದನ ಕರೆದು ಕರೆದು ಪಳಗವೆ" ಎಂದರು. ಹೆಮ್ಮೆಯಿಂದಲೇ ಹೇಳಿದರು, ಪಾಪ.

ಹಾಜರಿ ಕೂಗಿದರೆ ಒಂದೊಂದೂ "ಆಜರ್ ಸಾ" ಎನ್ನುತ್ತದೆ. ಮುಂದೆ ಕೂತಿದ್ದವನನ್ನು ನಿಮ್ಮೂರು ಯಾವುದಪ್ಪ ಎಂದು ಕೇಳಿದೆ. "ಉಣ್ಸೆಕಟ್ಟೆ" ಎಂದ. ಇನ್ನೊಂದು ಸಲ ಹೇಳು ಎಂದೆ. ನನಗೆ ಕಿವಿ ಮಂದ ಎಂದುಕೊಂಡು ಗಟ್ಟಿಯಾಗಿ "ಉಣ್ಸೆಕಟ್ಟೆ" ಎಂದು ಅರಚಿದ. ತಾವು ಹುಟ್ಟಿದ ಊರಿನ ಮೊದಲ ಅಕ್ಷರವೇ ಬಾಯಿಗೆ ಬಾರದ ಜನಕ್ಕೆ ನಾನು ಸ್ವರ ಹೇಳಿಕೊಡಬೇಕು.

ಜುಲೈ 11, ಗುರುವಾರ

ಶ್ರುತಿಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದೆ. ಅದರ ತಿದಿ ಒತ್ತಿದ ಕೂಡಲೇ ಎಲ್ಲರೂ ಎದ್ದುಬಂದು ಮುತ್ತಿಕೊಂಡರು. ಇದಕ್ಕೆ ಏನು ತಿನ್ನಿಸುತ್ತೀರಿ ಎಂದು ಒಬ್ಬ ಕೇಳಿದ. ಗದರಿಸಿ ಕೂರಿಸಿ ಮತ್ತೆ ಒತ್ತಿದೆ. ಸ್ವಲ್ಪ ಹೊತ್ತಿಗೆ ನಾದ ಒಂದಕ್ಕೆರಡಾಗಿ ಕೇಳತೊಡಗಿತು. ಪೆಟ್ಟಿಗೆ ಎಲ್ಲೋ ಸೀಳು ಬಿಟ್ಟಿದೆ ಎಂದುಕೊಂಡು ಒತ್ತುವುದನ್ನು ನಿಲ್ಲಿಸಿದೆ. ನಾದ ನಿಲ್ಲಲಿಲ್ಲ. ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಒಬ್ಬಳು, ತುಟಿ ಮುಚ್ಚಿಕೊಂಡು, ಷಡ್ಜ ಹಿಡಿದುಬಿಟ್ಟಿದ್ದಳು.

"ಯಾರೇ ಅದು ಗುಂಯ್‌ಗುಟ್ಟೋಳು?"

"ನಾನು, ಮುನಿತಾಯಿ."

"ಹಾಗೆ ಮಾಡು ಅಂತ ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ ಮೇಷ್ಟ್ರಮ್ಮ. ಅದು ಅಂಗಂತು, ನಾನೂ ಅಂಗಂದೆ."

ಎದುರುತ್ತರ ಬೇರೆ. ಕೇಳದೆ ಬಾಯಿ ತೆರೆಯಬಾರದು ಎಂದು ಎಲ್ಲರಿಗೂ ಸೇರಿಸಿ ಹೇಳಿದೆ. ಷಡ್ಜವೇನೋ ನೇರವಾಗಿಯೇ ಇತ್ತು, ಆದರೆ ಶಿಸ್ತು ಮೊದಲು.

ಜುಲೈ 24, ಬುಧವಾರ

ಕೊನೆಗೂ ಒಬ್ಬ ಸುಸಂಸ್ಕೃತ ಮನುಷ್ಯರ ಮುಖ ಕಂಡೆ. ಅಸಿಸ್ಟೆಂಟ್ ಇನ್ಸ್‌ಪೆಕ್ಟರ್ ಚಕ್ರಪಾಣಿಯವರು ಜಟಕಾ ಮಾಡಿಕೊಂಡು ಬಂದಿದ್ದರು. ಕವಿತೆ ಬರೆಯುತ್ತಾರಂತೆ. ನವೆಂಬರ್ ಹದಿನಾಲ್ಕರ ಮಕ್ಕಳ ದಿನಕ್ಕೆ ರಾಜಾಜಿನಗರದ ಮೈದಾನದಲ್ಲಿ ಚಪ್ಪರ ಹಾಕಿ ದೊಡ್ಡ ಸಮಾರಂಭ ನಡೆಯುತ್ತದೆ, ಸುತ್ತಿನ ಶಾಲೆಗಳೆಲ್ಲ ವೇದಿಕೆ ಹತ್ತುತ್ತವೆ, ಹಳ್ಳಿಯ ಪರವಾಗಿ ನಮ್ಮ ಶಾಲೆ ಅವರು ಬರೆದ ಹಾಡನ್ನು ಹಾಡಬೇಕು. ಕಣ್ಣು ಮುಚ್ಚಿಕೊಂಡು ಓದಿ ತೋರಿಸಿದರು.

ಹಕ್ಕಿಯು ಹಾಡಲಿ ಹೊಲದಲ್ಲಿ,
ಅಕ್ಕಿಯು ತುಂಬಲಿ ಕಣಜದಲಿ,
ಹಾಲಿನ ಹೊಳೆಯೇ ಹರಿಯಲಿ ನಾಡಲಿ,
ಅರಿವಿನ ಹಣತೆಯ ಹಚ್ಚೋಣ.

ಪದ್ಯ ನಾಲ್ಕಾಣೆಯದು. ಆದರೂ ಬಲು ಚೆನ್ನಾಗಿದೆ ಎಂದೆ, ಏಕೆಂದರೆ ಆಮೇಲೆ ಅವರು ಹೇಳಿದ ಮಾತು ನನಗೆ ಬೇಕಾದದ್ದು. ರಾಜಾಜಿನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಜಾಗ ಖಾಲಿಯಾಗುತ್ತದೆ. "ಇದೊಂದು ಹಾಡು ಮರ್ಯಾದೆಯಾಗಿ ಮುಗಿಸಿಕೊಡಿ. ನಿಮ್ಮ ವರ್ಗಕ್ಕೆ ನಾನೇ ಬರೀತೀನಿ" ಎಂದರು. ಆ ಶಾಲೆ ಅಣ್ಣನ ಮನೆಯ ಹಿಂದಿನ ಬೀದಿಯಲ್ಲಿದೆ. ಅಲ್ಲಿ ಸಿಮೆಂಟಿನ ನೆಲವಿದೆ, ವೀಣೆಯಿದೆ, ಕೇಳಿ ಅರ್ಥ ಮಾಡಿಕೊಳ್ಳುವ ಮಕ್ಕಳಿದ್ದಾರೆ. ನವೆಂಬರ್ ಹದಿನಾಲ್ಕರವರೆಗೆ ಹಲ್ಲು ಕಚ್ಚಿಕೊಂಡಿದ್ದರೆ ಆಯಿತು.

ಆಗಸ್ಟ್ 2, ಶುಕ್ರವಾರ

ಈ ವಾರವೆಲ್ಲ ನಾನು ಕೇಳಿದ್ದು ಇದು: ಅಕ್ಕಿಯು ಆಡಲಿ ಒಲದಲ್ಲಿ. ಆಲಿನ ಒಳೆಯೇ ಅರಿಯಲಿ ನಾಡಲಿ. ಅಣತೆಯ ಅಚ್ಚೋಣ.

ಹೊಲದಲ್ಲಿ ಅಕ್ಕಿ ಹೇಗೆ ಆಡುತ್ತದೆ ಎಂದು ಕೇಳಿದೆ. ಗಾಳಿ ಬಂದಾಗ ಆಡುತ್ತದೆ ಎಂದು ಒಬ್ಬ ಹೇಳಿದ. ಉಳಿದವರು ಹೌದು ಹೌದೆಂದರು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಗುರುಗಳು ಹೇಳಿಕೊಟ್ಟಿದ್ದ ಉಪಾಯವನ್ನು ತೆಗೆದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಯಬೇಕು. 'ಅ' ಎಂದರೆ ಅಂಗೈಗೆ ಏನೂ ತಾಕಬಾರದು, 'ಹ' ಎಂದರೆ ಬಿಸಿಯುಸಿರು ತಾಕಬೇಕು. ಇಡೀ ಶಾಲೆ ಅಂಗೈಗೆ ಊದುತ್ತಾ ಕೂತಿತು. ಅಂಜಿನಯ್ಯನವರೂ ಬಾಗಿಲ ಮರೆಯಲ್ಲಿ ನಿಂತು ಊದಿ ನೋಡಿಕೊಳ್ಳುತ್ತಿದ್ದರು.

ಆಗಸ್ಟ್ 19, ಸೋಮವಾರ

ಉಪಾಯ ಫಲಿಸಿತು, ನನ್ನ ತಲೆಗೆ ಬಂತು. ಈಗ ಎಲ್ಲಕ್ಕೂ ಊದುತ್ತಾರೆ. ಹಕ್ಕಿಯು ಹಾಡಲಿ ಹೊಲದಲ್ಲಿ, ಸರಿ. ಅದರ ಹಿಂದೆಯೇ ಹಕ್ಕಿಯು ತುಂಬಲಿ ಕಣಜದಲಿ. ಹರಿವಿನ ಹಣತೆಯ ಹಚ್ಚೋಣ. ಮನೆಯಲ್ಲಿ ಹಮ್ಮ, ಹಪ್ಪ, ಹಜ್ಜಿ. ಹೆಡ್ಮಾಸ್ಟರು ಹಂಜಿನಯ್ಯ. ಅವರು ಅದನ್ನು ಗೌರವವೆಂದೇ ತಿಳಿದು ನಗುತ್ತಾರೆ.

ಇಷ್ಟರಲ್ಲೂ ಬದಲಾಗದವಳು ಒಬ್ಬಳೇ, ಆ ಮುನಿತಾಯಿ. ಅಂಗೈ ಹಿಡಿದುಕೊಳ್ಳುತ್ತಾಳೆ, ಕಣ್ಣರಳಿಸಿ ನನ್ನ ಬಾಯಿಯನ್ನೇ ನೋಡುತ್ತಾಳೆ, ಆಮೇಲೆ "ಅಕ್ಕಿಯು ಆಡಲಿ" ಎನ್ನುತ್ತಾಳೆ. ಸ್ವರವನ್ನು ಒಂದು ಸಲ ಕೇಳಿದರೆ ಸಾಕು, ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಆ ಅಕ್ಷರ ಮಾತ್ರ ಬರುವುದಿಲ್ಲ. ಹತ್ತಿರ ಕರೆದು ನಿಲ್ಲಿಸಿಕೊಂಡೆ.

"ಹಕ್ಕಿ ಅನ್ನು."

"ಅಕ್ಕಿ."

"ಅದು ಅನ್ನ ಮಾಡೋದು ಕಣೇ. ಹಾರೋದು ಯಾವುದು?"

"ಆರೋದು ಅಕ್ಕಿ. ಅನ್ನ ಮಾಡೋದೂ ಅಕ್ಕಿ. ನೋಡುದ್ರೆ ಗೊತ್ತಾಯ್ತದಲ್ಲ ಮೇಷ್ಟ್ರಮ್ಮ, ಯಾವ್ದು ಅಂತ."

ಇಂಥ ತಲೆಗೆ ಅಂಥ ಕಂಠ ಕೊಟ್ಟಿದ್ದಾನೆ ದೇವರು. ಅವನಿಗೂ ಬುದ್ಧಿಯಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ಚಕ್ರಪಾಣಿಯವರು ಅಭ್ಯಾಸ ನೋಡಲು ಬಂದಿದ್ದರು. ತಮ್ಮ ಹಕ್ಕಿ ಕಣಜಕ್ಕೆ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಹಕಾರ ಜೋರಾಗಿ ಕೇಳಿದರೆ ಸಾಕು, ತಲೆದೂಗುತ್ತಾರೆ. ಮುನಿತಾಯಿಯ ದನಿ ಎಲ್ಲಕ್ಕಿಂತ ಮೇಲೆದ್ದು "ಆಲಿನ ಒಳೆಯೇ" ಎಂದಾಗ ಮಾತ್ರ ಮುಖ ಹುಳ್ಳಗೆ ಮಾಡಿದರು.

"ಆ ಹುಡುಗಿ ಮುಖ ಲಕ್ಷಣವಾಗಿದೆ. ಮುಂದಿನ ಸಾಲಲ್ಲೇ ನಿಲ್ಲಿಸಿ, ಫೋಟೋಕ್ಕೆ ಚೆನ್ನಾಗಿರುತ್ತೆ" ಎಂದರು. "ಹಾಡೋದು ಬೇಡ. ಬಾಯಿ ಆಡಿಸಲಿ ಸಾಕು."

ಒಪ್ಪಬೇಕಾದ ಮಾತೇ. ಒಬ್ಬಳಿಂದ ಎಲ್ಲರ ಹೆಸರೂ ಕೆಡುವುದು ಬೇಡ. ನನ್ನ ವರ್ಗವಂತೂ ಕೆಡುವುದು ಬೇಡವೇ ಬೇಡ. ಅವರು ಹೋದ ಮೇಲೆ ಮುನಿತಾಯಿಗೆ ಹೇಳಿದೆ.

"ನೀನು ದನಿ ತೆಗೀಬೇಡ. ಸುಮ್ಮನೆ ತುಟಿ ಆಡಿಸು. ನೋಡೋರಿಗೆ ಹಾಡಿದ ಹಾಗೇ ಇರಬೇಕು."

"ಯಾಕೆ ಮೇಷ್ಟ್ರಮ್ಮ?"

"ಚೆನ್ನಾಗಿರುತ್ತೆ ಅದಕ್ಕೆ."

"ಆಗ್ಲಿ" ಎಂದಳು. ಅಳುತ್ತಾಳೇನೋ ಎಂದು ನೋಡಿದೆ. ಅಳಲಿಲ್ಲ. ಆಗಲೇ ತುಟಿ ಆಡಿಸಿ ತೋರಿಸಿದಳು. ಒಂದಕ್ಷರವೂ ತಪ್ಪದಂತೆ ಆಡಿಸುತ್ತಾಳೆ.

ಸೆಪ್ಟೆಂಬರ್ 17, ಮಂಗಳವಾರ

ಅಭ್ಯಾಸ ನೆಟ್ಟಗೆ ನಡೆಯುತ್ತಿದೆ. ಆದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಾಡು ಶ್ರುತಿಗಿಂತ ಕೆಳಗಿಳಿಯುತ್ತದೆ, ನಾಲ್ಕನೆಯದಕ್ಕೆ ಪೂರಾ ಕುಸಿಯುತ್ತದೆ. ಮೊದಲು ಹೀಗಾಗುತ್ತಿರಲಿಲ್ಲ. ಶ್ರುತಿಪೆಟ್ಟಿಗೆಯ ತಿದಿ ಹಳತಾಗಿರಬೇಕು. ಭಾನುವಾರ ಅಣ್ಣನ ಜೊತೆ ಅವೆನ್ಯೂ ರಸ್ತೆಗೆ ಹೋಗಿ ರಿಪೇರಿ ಮಾಡಿಸಬೇಕು.

ಅಕ್ಟೋಬರ್ 9, ಬುಧವಾರ

ದಸರಾ ರಜೆ ಮುಗಿದು ಶಾಲೆ ಶುರುವಾಗಿದೆ. ರಿಪೇರಿಯಾಗಿ ಬಂದ ಪೆಟ್ಟಿಗೆ ಗಂಟೆಯಂತೆ ನುಡಿಯುತ್ತಿದೆ. ಹಾಡು ಮಾತ್ರ ಅಲ್ಲೇ ಕುಸಿಯುತ್ತದೆ. ಈ ಮಕ್ಕಳಿಗೆ ಕಿವಿ ಎಂಬುದಿಲ್ಲ.

ಮಧ್ಯಾಹ್ನ ಮುನಿತಾಯಿಯ ತಾಯಿ ಬೋರಮ್ಮ ಬಂದಿದ್ದಳು. ಹುಲ್ಲಿನ ಹೊರೆಯನ್ನು ಬಾಗಿಲ ಹೊರಗೆ ಇಳಿಸಿ, ಒಳಗೆ ಬಾರದೆ ಹೊಸ್ತಿಲಾಚೆಯೇ ನಿಂತುಕೊಂಡಳು.

"ಮೇಷ್ಟ್ರಮ್ಮ, ನನ್ ಮಗ್ಳು ಆಡಾದ್ನೇ ಬುಟ್ಬುಟ್ಟವ್ಳೆ."

"ಯಾವಾಗಿಂದ?"

"ಗಣೇಸನ ಅಬ್ಬ ಆದ್ಮೇಲಿಂದ. ಮೊದ್ಲು ಎದ್ದಾಗಿಂದ ಮನಗಾಗಂಟ ಆಡೋಳು. ನಾನು ರಾಗಿ ಬೀಸೋವಾಗ ಪಕ್ಕದಲ್ಲಿ ಕುಂತ್ಕಂಡು ಆಡೋಳು. ಈಗ ಎಷ್ಟು ಕೇಳುದ್ರೂ ಆಡಾಕಿಲ್ಲ. ಮೈಯಾಗೇನಾರ ಆಗದೋ ಅಂತ ಬಂದೆ."

ರಾಗಿ ಬೀಸುವಾಗ ಪಕ್ಕದಲ್ಲಿ ಕೂತು ಅದೆಂಥ ಆಟವೋ ನನಗೆ ತಿಳಿಯದು. ಇಂಥ ದೂರು ಹೊತ್ತು ಶಾಲೆಗೆ ಬರುವ ತಾಯಂದಿರೂ ಇದ್ದಾರೆ. ಮಗಳು ಓದಲಿಲ್ಲ ಎಂದು ಯಾರೂ ಬರುವುದಿಲ್ಲ, ಆಡಲಿಲ್ಲ ಎಂದು ಬರುತ್ತಾರೆ.

"ಒಳ್ಳೇದೇ ಆಯ್ತಲ್ಲಮ್ಮ. ಹೆಣ್ಣುಮಗು, ಎಷ್ಟು ದಿನ ಅಂತ ಆಡ್ಕೊಂಡಿರ್ತಾಳೆ? ಅದನ್ನ ಬಿಟ್ಟರೆ ನಾಲ್ಕಕ್ಷರವಾದ್ರೂ ತಲೆಗೆ ಹತ್ತುತ್ತೆ."

ಬೋರಮ್ಮ ನನ್ನ ಮುಖವನ್ನೇ ನೋಡಿದಳು. "ಆಡ್ಬಾರ್ದಾ?" ಎಂದಳು.

"ಬೇಡ. ಇಷ್ಟು ದಿನ ಆಡಿದ್ದು ಸಾಕು."

"ಆಗ್ಲಿ ಬುಡಿ. ನೀವು ತಿಳ್ದೋರು" ಎಂದು ಹೊರೆ ಎತ್ತಿಕೊಂಡು ಹೋದಳು. ಹೇಳಿದರೆ ಕೇಳುತ್ತಾರೆ, ಅದೊಂದು ಗುಣ ಈ ಜನರಲ್ಲಿದೆ.

ಅಕ್ಟೋಬರ್ 18, ಶುಕ್ರವಾರ

ಊಟದ ಬಿಡುವಿನಲ್ಲಿ ಹೊರಗೆ ಬಂದರೆ ಮುನಿತಾಯಿ ಲಂಗ ಎತ್ತಿ ಕಟ್ಟಿ, ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದಾಳೆ. ತಾಯಿ ನನ್ನೆದುರು ನಿಂತು ಅಷ್ಟು ಸುಳ್ಳು ಹೇಳಿ ಹೋದಳಲ್ಲ ಎಂದು ಸಿಟ್ಟು ಬಂತು. ಕರೆದೆ.

"ನೀನು ಆಡೋದೇ ಇಲ್ಲ ಅಂತ ನಿಮ್ಮಮ್ಮ ಬಂದು ಹೇಳಿದ್ರು. ಇದೇನು ಮತ್ತೆ?"

"ಇದು ಆಟ ಮೇಷ್ಟ್ರಮ್ಮ. ಅವ್ವ ಯೋಳಿದ್ದು ಇದಲ್ಲ. ಪದ ಆಡೋದು."

"ಹಾಡೋದಾ?" ಎಂದೆ.

"ಬುಟ್ರೇ ಒಳ್ಳೇದು ಅಂತ ನೀವು ಯೋಳುದ್ರಂತೆ. ಆಡಿದ್ದು ಸಾಕು ಅಂದ್ರಂತೆ. ಅದ್ಕೇ ಪೂರ್ತಿ ಬುಟ್ಬುಟ್ಟೆ" ಎಂದಳು. ನನ್ನ ಮಾತು ನಡೆಸಿದ್ದಕ್ಕೆ ಮೆಚ್ಚುತ್ತೇನೆ ಎಂದುಕೊಂಡಿರಬೇಕು, ನಗುತ್ತಲೇ ಹೇಳಿದಳು. ಆಮೇಲೆ ಓಡಿಹೋಗಿ ತನ್ನ ಬಿಲ್ಲೆ ಎತ್ತಿಕೊಂಡಳು.

ಅಕ್ಟೋಬರ್ 19, ಶನಿವಾರ

ಊಟ ಸೇರಲಿಲ್ಲ. ಯಾರ ಮೇಲೆ ಸಿಟ್ಟು ಎಂದು ಅತ್ತಿಗೆ ಕೇಳಿದರು. ಆ ಹೆಂಗಸಿನ ಮೇಲೆ ಎಂದೆ. ಒಂದಕ್ಷರ ನೆಟ್ಟಗೆ ಹೇಳಿದ್ದರೆ ಆಗುತ್ತಿತ್ತು.

ಅಕ್ಟೋಬರ್ 28, ಸೋಮವಾರ

ವಾರದಿಂದ ಮುನಿತಾಯಿಯ ಬಾಯಿ ಬಿಡಿಸಲು ನೋಡುತ್ತಿದ್ದೇನೆ. ಗದರಿಸಿದೆ, ಕಡಲೆಮಿಠಾಯಿ ತಂದುಕೊಟ್ಟೆ. ಪೆಟ್ಟಿಗೆ ಒತ್ತಿ "ಹಾಡು" ಎಂದರೆ ನೆಟ್ಟಗೆ ನಿಂತು ತುಟಿ ಆಡಿಸುತ್ತಾಳೆ. "ದನಿ ಬಿಟ್ಟು ಹಾಡೇ" ಎಂದರೆ "ಬ್ಯಾಡ ಮೇಷ್ಟ್ರಮ್ಮ, ಚೆನ್ನಾಗಿರಾಕಿಲ್ಲ" ಎನ್ನುತ್ತಾಳೆ. ಮಿಠಾಯಿ ಮಾತ್ರ ತಿಂದಳು.

ಇವಳು ಬಾಯಿ ಮುಚ್ಚಿದ ದಿನದಿಂದಲೇ ಹಾಡು ಕುಸಿಯುತ್ತಿರುವುದು. ಉಳಿದವರೆಲ್ಲ ಇವಳನ್ನು ಹಿಡಿದುಕೊಂಡು ನಡೆಯುತ್ತಿದ್ದರು. ಅವೆನ್ಯೂ ರಸ್ತೆಯವನಿಗೆ ಸುಮ್ಮನೆ ದುಡ್ಡು ಕೊಟ್ಟೆ.

ಬೋರಮ್ಮನ ಮನೆಗೂ ಹೋಗಿದ್ದೆ. ಹಿತ್ತಿಲಲ್ಲಿ ಸಗಣಿ ತಟ್ಟುತ್ತಿದ್ದಳು.

"ಅವತ್ತು ನನಗೆ ತಪ್ಪಾಗಿ ಕೇಳಿಸ್ತು ಬೋರಮ್ಮ. ನೀವು ಹೇಳಿದ್ದು ಹಾಡೋದು. ನಾನು ಆಡೋದು ಅಂದ್ಕೊಂಡೆ."

"ಊಂ, ಆಡೋದೇ ನಾನು ಯೋಳಿದ್ದು."

"ಆಡೋದಲ್ಲ, ಹಾಡೋದು."

"ಅದೇ ಕಣವ್ವ, ಆಡೋದು."

ಹೀಗೇ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ, "ಅವತ್ತು ಬ್ಯಾಡ ಅಂದ್ರಿ, ಬ್ಯಾಡ ಅಂತ ಯೋಳ್ದೆ. ಇವತ್ತು ಆಡ್ಲಿ ಅಂತೀರಿ. ನೀವೇ ಯೋಳ್ಕಳಿ. ಮಗ್ಳು ಅಂದ್ರೆ ಕಾಪಿಯಾ ಅವ್ವ, ಆರೋದ್ಮೇಲೆ ಬಿಸಿ ಮಾಡಾಕೆ" ಎಂದಳು. ಸಗಣಿ ಕೈಯವಳಿಂದ ಇಷ್ಟು ಮಾತು ಕೇಳಿಸಿಕೊಂಡು ಹೊರಟೆ. ಬದುವಿನ ಮೇಲೆ ಬರುತ್ತಾ ಅಳು ಬಂತು. ಧೂಳು ಬಿದ್ದದ್ದಿರಬೇಕು.

ನವೆಂಬರ್ 4, ಸೋಮವಾರ

ಚಕ್ರಪಾಣಿಯವರ ಕಚೇರಿಗೆ ಹೋಗಿ ಮುನಿತಾಯಿ ಹಾಡಲು ಒಪ್ಪಿಗೆ ಕೊಡಿ ಎಂದೆ. ಅವರು ಹೇಳಿದರೆ ಹುಡುಗಿ ಕೇಳಬಹುದು ಎಂದು ನನ್ನ ಲೆಕ್ಕ.

"ನನ್ನ ಹಕ್ಕಿ ಅಕ್ಕಿ ಆಗ್ಬೇಕೇನಮ್ಮ?"

"ಅವಳಿಲ್ಲದೆ ಶ್ರುತಿ ನಿಲ್ಲೋದಿಲ್ಲ ಸಾರ್."

"ಶ್ರುತಿ ಯಾರಿಗೆ ಕೇಳಿಸುತ್ತೆ? ಜನ ಕೇಳೋದು ಸಾಹಿತ್ಯ." ಆಮೇಲೆ ತಾವೇ ಎರಡು ಸಾಲು ಹಾಡಿ ತೋರಿಸಿದರು. ಮೊದಲ ಸಾಲು ಒಂದು ಊರಲ್ಲಿ, ಎರಡನೆಯದು ಇನ್ನೊಂದು ಊರಲ್ಲಿ. ಹಕಾರಗಳು ಮಾತ್ರ ಬಲು ಶುದ್ಧ. ಹೊರಡುವಾಗ, "ನಿಮ್ಮ ವರ್ಗದ ಕಾಗದ ಟೈಪ್ ಆಗಿದೆ. ಸಮಾರಂಭ ಮುಗಿದ ಮಾರನೇ ದಿನ ಸಹಿ" ಎಂದರು.

ಈ ಮನುಷ್ಯನನ್ನು ಸುಸಂಸ್ಕೃತರು ಎಂದು ಬರೆದಿದ್ದೆ. ಇಸ್ತ್ರಿ ಮಾಡಿದ ಕೋಟು ಕಂಡರೆ ನನಗೂ ಬುದ್ಧಿ ಮಂಕಾಗುತ್ತದೆ.

ನವೆಂಬರ್ 14, ಗುರುವಾರ

ಎರಡು ಎತ್ತಿನ ಗಾಡಿಗಳಲ್ಲಿ ಮಕ್ಕಳನ್ನು ತುಂಬಿಕೊಂಡು ಬಂದೆವು. ತಲೆಗೆಲ್ಲ ಹರಳೆಣ್ಣೆ. ಬೋರಮ್ಮನೂ ಬಂದಿದ್ದಳು. ರಾಜಾಜಿನಗರದ ಮೈದಾನದಲ್ಲಿ ಚಪ್ಪರ, ಮೈಕು, ಮುಂದಿನ ಸಾಲಿನಲ್ಲಿ ಸೋಫಾ. ಪೇಟೆ ಶಾಲೆಯ ಮಕ್ಕಳು ಬಿಳಿ ಬೂಟು ಹಾಕಿಕೊಂಡು ಏನೋ ಹಾಡಿ ಹೋದರು. ಅವರಿಗೂ ಶ್ರುತಿಯಿಲ್ಲ, ಬೂಟು ಇದೆ.

ಮೈಕು ಹಿಡಿದಿದ್ದವನೊಬ್ಬ ನಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಲ್ಲಿಂದ ಬಂದಿರಿ ಎಂದು ಕೇಳಿದ. ಅಭ್ಯಾಸವೆಲ್ಲ ಗಾಬರಿಯಲ್ಲಿ ಮರೆತುಹೋಗಿ "ಉಣ್ಸೆಕಟ್ಟೆ" ಎಂದರು. ಅವನು "ಓಹೋ, ಉಣ್ಸೆಕಟ್ಟೆ, ಉಣ್ಣೋಕೆ ಬಂದ್ರಾ?" ಎಂದ. ಚಪ್ಪರವೆಲ್ಲ ನಕ್ಕಿತು. ಊಟ ಮಾಡಿಕೊಂಡೇ ಬಂದಿದ್ದಾರೆ, ನಿನ್ನ ಮನೆಯದನ್ನಲ್ಲ ಎಂದು ಹೇಳಬೇಕೆನಿಸಿತು. ಪಕ್ಕದಲ್ಲಿ ಕೂತು ಪೆಟ್ಟಿಗೆ ಒತ್ತತೊಡಗಿದೆ.

ಹಾಡಿದರು. ಹಕ್ಕಿ ಹಾಡಿತು, ಹಕ್ಕಿಯೇ ಕಣಜ ತುಂಬಿತು, ಹರಿವಿನ ಹಣತೆ ಹಚ್ಚಿದರು. ಮೂರನೆಯ ಸಾಲಿಗೆ ಶ್ರುತಿ ಪೂರಾ ಕೆಳಗೆ. ಯಾರಿಗೂ ಏನೂ ತಿಳಿಯಲಿಲ್ಲ. ಚಪ್ಪಾಳೆ ತಟ್ಟಿದರು. ಚಕ್ರಪಾಣಿ ಕೈಮುಗಿದು ನಿಂತಿದ್ದರು. ಅಲ್ಲಿಗೆ ಮುಗಿದಿದ್ದರೆ ನನ್ನ ಕಾಗದಕ್ಕೆ ನಾಳೆ ಸಹಿಯಾಗುತ್ತಿತ್ತು.

ಮುಖ್ಯ ಅತಿಥಿಯಾಗಿ ನಿವೃತ್ತ ಜಡ್ಜಿಯೊಬ್ಬರ ಹೆಂಡತಿ ಬಂದಿದ್ದರು. ಅವರು ಎದ್ದು, "ಮುಂದೆ ನಿಂತಿದ್ದ ಆ ಪುಟ್ಟ ಹುಡುಗಿ ಎಷ್ಟು ಭಾವವಾಗಿ ಹಾಡಿದಳು. ಇವಳಿಗೆ ನಾನೊಂದು ಬಹುಮಾನ ಕೊಡ್ತೀನಿ. ಮೊದಲು ಒಬ್ಬಳೇ ಎರಡು ಸಾಲು ಹಾಡಲಿ, ಕೇಳೋಣ" ಎಂದರು. ಬೆರಳು ತೋರಿಸಿದ್ದು ಮುನಿತಾಯಿಯತ್ತ. ಅಷ್ಟು ಮಕ್ಕಳಲ್ಲಿ ದನಿಯೇ ತೆಗೆಯದಿದ್ದವಳು ಇವಳೊಬ್ಬಳು.

ಚಕ್ರಪಾಣಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಗಂಟಲು ಕಟ್ಟಿದೆ ಅಂತ ಹೇಳಿಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ." ನಾನು ಬಾಯಿ ತೆರೆಯುವಷ್ಟರಲ್ಲಿ ಮೈಕಿನವನು ಹುಡುಗಿಯನ್ನು ಎಳೆದುಕೊಂಡುಹೋಗಿ ನಿಲ್ಲಿಸಿದ್ದ.

ಮುನಿತಾಯಿ ಕೈಕಟ್ಟಿ ನಿಂತು, ಮೈಕಿನ ಮುಂದೆ, ತುಟಿ ಆಡಿಸಿದಳು. ಒಂದಕ್ಷರ ಬಿಡಲಿಲ್ಲ. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದಳು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಂಡಳು. ಸದ್ದು ಮಾತ್ರ ಇಲ್ಲ. ಹಿಂದಿನಿಂದ ಯಾರೋ ಮೈಕು ಕೆಟ್ಟಿದೆ ಎಂದು ಕೂಗಿದರು. ಮೈಕಿನವನು ಅದನ್ನು ತಟ್ಟಿ ಹಲೋ ಹಲೋ ಎಂದ. ಹಲೋ ಎಂದದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. "ಮತ್ತೆ ಹಾಡು ಮರಿ" ಎಂದ. ಅವಳು ಮತ್ತೆ ಮೊದಲಿನಿಂದ ತುಟಿ ಆಡಿಸಿದಳು. ಸೋಫಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಗಿ ಇರಬೇಕು, ಪಾಪ, ಎಂದು ಜಡ್ಜಿಯ ಹೆಂಡತಿ ಅಂದದ್ದು ನನಗೆ ಕೇಳಿಸಿತು.

ಆ ಒಂದು ಮಾತನ್ನು ನನ್ನ ಕೈಲಿ ತಡೆಯಲಾಗಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ವೇದಿಕೆಯ ನಡುವೆ ಹೋಗಿ ಅವಳ ಕಾಲ ಬಳಿ ಕೂತೆ. ಚಕ್ರಪಾಣಿ ನನ್ನ ಹೆಸರು ಹಿಡಿದು ಕರೆದರು, ಎರಡು ಸಲ. ತಿದಿ ಒತ್ತಿದೆ.

"ಮುನಿತಾಯಿ, ಹಾಡು" ಎಂದೆ.

ಅವಳು ಬಗ್ಗಿ ನನ್ನ ಮುಖ ನೋಡಿದಳು. ತಮಾಷೆಗೋ ನಿಜವೋ ಎಂದು ನೋಡುವ ಹಾಗೆ ನೋಡಿದಳು.

"ದನೀಲಿ ಆಡ್ಲಾ?"

"ದನೀಲೇ."

"ಚೆನ್ನಾಗಿರಾಕಿಲ್ಲ ಅಂದಿದ್ರಿ."

"ನನಗೆ ಗೊತ್ತಿರಲಿಲ್ಲ. ಹಾಡು."

ಇದೆಲ್ಲವೂ ಮೈಕಿನಲ್ಲಿ ಹೋಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಹೋಗಲಿ. ಅವಳು ಹಾಡಿದಳು. "ಅಕ್ಕಿಯು ಆಡಲಿ ಒಲದಲ್ಲಿ" ಎಂದಾಗ ಜನ ಬಿದ್ದು ಬಿದ್ದು ನಕ್ಕರು. ಅವಳು ನಗುವಿಗೆ ಗಮನ ಕೊಡಲಿಲ್ಲ. ಷಡ್ಜದ ಮೇಲೆ ನಿಂತು, ಅಲ್ಲಿಂದ ಹೊರಟು, ಎಷ್ಟು ದಿನದಿಂದ ಬಾಯೊಳಗೆ ಇಟ್ಟುಕೊಂಡಿದ್ದಳೋ ಅಷ್ಟನ್ನೂ ಹೊರಗೆ ಬಿಟ್ಟಳು. ಹಿಂದೆ ನಿಂತಿದ್ದ ನಮ್ಮ ಮಕ್ಕಳು ಕರೆಯದೆಯೇ ಅವಳ ಜೊತೆ ಸೇರಿಕೊಂಡರು. ಊದುವುದನ್ನೆಲ್ಲ ಮರೆತು "ಆಲಿನ ಒಳೆಯೇ" ಎಂದರು. ಕೊನೆಯ ಸಾಲಿನವರೆಗೂ ಶ್ರುತಿ ಇಳಿಯಲಿಲ್ಲ.

ಅಷ್ಟು ಜನರಲ್ಲಿ ಅದನ್ನು ಕೇಳಿಸಿಕೊಂಡ ಒಬ್ಬನೂ ಇರಲಿಲ್ಲ. ಅವರಿಗೆ ಕೇಳಿಸಿದ್ದು ಅಕ್ಕಿ ಮಾತ್ರ. ಇಂಥವರ ಮಕ್ಕಳಿಗೆ ವೀಣೆ ಕಲಿಸಲು ನಾನು ಹಂಬಲಿಸಿದ್ದೆ. ಕೆಳಗಿಳಿದಾಗ ಚಕ್ರಪಾಣಿ, "ಮಾಡಬಾರದ್ದು ಮಾಡಿದ್ರಿ. ವರ್ಗದ ಮಾತು ಇಲ್ಲಿಗೆ ಬಿಟ್ಟುಬಿಡಿ" ಎಂದರು. ಬಿಟ್ಟಿದ್ದೇನೆ ಸಾರ್, ನೀವು ಹಾಡು ಕಟ್ಟುವುದನ್ನೂ ಬಿಟ್ಟುಬಿಡಿ ಎಂದೆ.

ಗಾಡಿಯ ಹತ್ತಿರ ಬೋರಮ್ಮ ಮಗಳ ತಲೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಎಲೆ ಅಡಿಕೆ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನು ಎಲೆ ಹಾಕುವವಳಲ್ಲ, ಆದರೂ ತೆಗೆದುಕೊಂಡೆ.

ನವೆಂಬರ್ 15, ಶುಕ್ರವಾರ

ಅಣ್ಣ ನಿನ್ನೆ ಫ್ಯಾಕ್ಟರಿಯಿಂದ ಬರುವಾಗ ಮೈದಾನದ ಹೊರಗೆ ನಿಂತು ಎಲ್ಲ ಕೇಳಿದ್ದನಂತೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನಗುತ್ತಿದ್ದ.

"ವಿದುಷಿಯವರು ಮೈಕಿನಲ್ಲಿ 'ಆಡು' ಅಂದ್ರಲ್ಲೇ. 'ಮುನಿತಾಯಿ, ಆಡು.' ನಾನು ನನ್ನ ಕಿವಿಯಾರೆ ಕೇಳಿದೆ."

"ನಾನು ಸ್ಪಷ್ಟವಾಗಿ 'ಹಾಡು' ಅಂದೆ ಅಣ್ಣ."

"ಎರಡು ಸಲ ಅಂದೆ ಕಣೇ, 'ಆಡು' ಅಂತ."

ಫ್ಯಾಕ್ಟರಿಯ ಮೆಷೀನುಗಳ ನಡುವೆ ಇರುವವನ ಕಿವಿ. ಗುರುಗಳ ಎದುರು ಅಂಗೈ ಹಿಡಿದು ಕಲಿತವಳು ನಾನು. ವಾದ ಬೆಳೆಸಲಿಲ್ಲ.

ನವೆಂಬರ್ 25, ಸೋಮವಾರ

ರಾಜಾಜಿನಗರದ ಜಾಗಕ್ಕೆ ಬೇರೆ ಯಾರನ್ನೋ ಹಾಕಿದ್ದಾರೆ. ಚಕ್ರಪಾಣಿಯವರ ವರದಿಯೂ ಬಂದಿದೆ. ಅಂಜಿನಯ್ಯನವರು ಓದಲಾರದೆ ಓದಿದರು. 'ಶಿಕ್ಷಕಿಯ ಉಚ್ಚಾರಣೆಯೇ ಗ್ರಾಮ್ಯವಾಗಿದೆ, ಇಂಥವರು ಹಳ್ಳಿಯ ಶಾಲೆಗೇ ತಕ್ಕವರು' ಎಂದು ಬರೆದಿದ್ದಾರೆ. ನನ್ನ ಉಚ್ಚಾರಣೆ. ಆ ಮನುಷ್ಯನಿಗೆ ಶ್ರುತಿ ಕೇಳಿಸುವುದಿಲ್ಲ ಎಂದು ಗೊತ್ತಿತ್ತು, ಅಕ್ಷರವೂ ಕೇಳಿಸುವುದಿಲ್ಲ ಎಂದು ಈಗ ತಿಳಿಯಿತು. "ಬೇಜಾರು ಮಾಡ್ಕಬ್ಯಾಡಿ ಕಲ್ಯಾಣಮ್ಮನೋರೆ. ನಮಗಂತೂ ಲಾಭವೇ" ಎಂದು ಅಂಜಿನಯ್ಯನವರು ಕುರ್ಚಿ ಒರೆಸಿಕೊಟ್ಟರು.

ಬಸ್ಸು ಇವತ್ತೂ ತಡ. ಬದುವಿನ ಮೇಲೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಈ ದಾರಿಗೆ ಜಲ್ಲಿ ಹಾಕಿಸುವ ಯೋಗ್ಯತೆ ಯಾರಿಗೂ ಇಲ್ಲ, ಮಕ್ಕಳ ದಿನಕ್ಕೆ ಸೋಫಾ ಹಾಕಿಸುತ್ತಾರೆ.

ಆ ಹಕ್ಕಿಯ ಪದ್ಯವನ್ನು ಕೈಬಿಟ್ಟು, ಬೋರಮ್ಮ ರಾಗಿ ಬೀಸುವಾಗ ಹೇಳುವ ಪದವೊಂದನ್ನು ಎತ್ತಿಕೊಂಡೆ. ರಾಗ ಸ್ವಲ್ಪ ಒರಟು, ಆದರೆ ಮಧ್ಯಮದ ಹತ್ತಿರ ಒಂದು ತಿರುವಿದೆ, ಅದು ನನಗೆ ಇನ್ನೂ ಸಿಕ್ಕಿಲ್ಲ. ಮೊದಲು ಮುನಿತಾಯಿ ಒಬ್ಬಳೇ ಆಡಿದಳು. ಆಮೇಲೆ ಮಕ್ಕಳೆಲ್ಲ ಆಡಿದರು. ಗಂಟೆ ಹೊಡೆದ ಮೇಲೂ ಯಾರೂ ಏಳಲಿಲ್ಲ, ಅವರ ಜೊತೆ ನಾನೂ ಸ್ವಲ್ಪ ಹೊತ್ತು ಆಡಿದೆ.